ಹದ ಹೇಳುವವಳು

ಬೀರೂರಿನ ಕಮ್ಮಾರ ಈರಭದ್ರಪ್ಪನ ಮಚ್ಚು ಎಂದರೆ ಕಡೂರು, ತರೀಕೆರೆ, ಅಜ್ಜಂಪುರದ ಸಂತೆಗಳಲ್ಲಿ ಎರಡು ಮಾತಿಲ್ಲ. ಆ ಮಚ್ಚಿನ ಹಿಂದೆ ಹೇಮಾವತಿ ಎಂಬ ಹೆಂಡತಿಯೊಬ್ಬಳು ಇದ್ದಾಳೆ ಎಂಬುದು ಮಾತ್ರ ಯಾರಿಗೂ ಬೇಡವಾದ ಸುದ್ದಿ. ಮದುವೆಯಾಗಿ ಬಂದ ವರ್ಷವೇ ಅತ್ತೆ ಅವಳನ್ನು ಕುಲುಮೆಯ ತಿದಿ ಒತ್ತಲು ಕೂರಿಸಿದಳು. ತಿದಿ ಹೋಗಿ ಕೈಯಲ್ಲಿ ತಿರುಗಿಸುವ ಚಕ್ರ ಬಂತು, ಅದೂ ಹೋಗಿ ಕರೆಂಟಿನ ಬ್ಲೋವರ್ ಬಂತು. ಹೇಮಾವತಿ ಮಾತ್ರ ಅಲ್ಲೇ ಕೂತಿದ್ದಳು. ದುಡಿಯುವ ಎತ್ತಿಗಾದರೂ ವರ್ಷಕ್ಕೊಮ್ಮೆ ಕೊಂಬಿಗೆ ಬಣ್ಣ ಬಳಿಯುತ್ತಾರೆ.

ಮಚ್ಚು ಬಡಿಯುವುದು ತೋಳಿನ ಕೆಲಸ, ಹದ ಕೊಡುವುದು ಕಣ್ಣಿನ ಕೆಲಸ. ಕೆಂಪಗೆ ಕಾದ ಅಲಗನ್ನು ನೀರಿಗೆ ಅದ್ದಿದರೆ ಗಡಸಾಗುತ್ತದೆ, ನಿಜ. ಆದರೆ ಅದು ಗಾಜಿನಂತೆ ಸಿಡಿಯುವ ಗಡಸು. ಆ ಸೊಕ್ಕು ಇಳಿಸಲು ಅಲಗನ್ನು ಕಲ್ಲಿನಲ್ಲಿ ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಸಣ್ಣ ಕಾವಿಗೆ ಹಿಡಿಯಬೇಕು. ಆಗ ಅದರ ಮೇಲೆ ಬಣ್ಣ ಹರಿಯತೊಡಗುತ್ತದೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಕೊನೆಗೆ ನೀಲಿ. ಎಳನೀರು ಕೊಚ್ಚುವ ಮಚ್ಚಾದರೆ ಕಂದು ಬಂದ ಗಳಿಗೆಗೇ ನೀರಿಗೆ ಹೋಗಬೇಕು. ಹಳದಿಯಲ್ಲೇ ಅದ್ದಿದರೆ ಅಲಗು ಚಕ್ಕೆ ಏಳುತ್ತದೆ, ನೀಲಿಗೆ ಬಿಟ್ಟರೆ ಮೆತ್ತಗಾಗಿ ಬಾಯಿ ಮಡಚಿಕೊಳ್ಳುತ್ತದೆ.

ಗಂಡನ ಕಣ್ಣಿಗೆ ಪೊರೆ ಬಂದದ್ದು ಮೊದಲು ಗೊತ್ತಾದದ್ದು ಹೇಮಾವತಿಗೇ. ಒಗೆದು ಕೊಟ್ಟ ಬಿಳಿ ಪಂಚೆಯನ್ನು ಹಳದಿಯಾಗಿದೆ ಎಂದು ಬೈದು ಎಸೆಯತೊಡಗಿದ. ಹಾಗಾದರೆ ಉಜ್ಜಿದ ಅಲಗೂ ಇವನಿಗೆ ಕಾವು ತಾಗುವ ಮೊದಲೇ ಹಳದಿಯಾಗಿ ಕಾಣುತ್ತಿರಬೇಕು ಎಂದು ಅವಳು ಲೆಕ್ಕ ಹಾಕಿದಳು. ಬಾಯಿ ಬಿಟ್ಟು ಹೇಳಿದ್ದರೆ ಸೂರು ಹಾರಿಹೋಗುವಂತೆ ಕೂಗುತ್ತಿದ್ದ. ಅದಕ್ಕೇ ಕಂದು ಹರಿದಾಗ ಮೆಲ್ಲಗೆ ‘ಬಂತು’ ಎನ್ನತೊಡಗಿದಳು. ಅವನೂ ಏನೂ ಕೇಳದೆ ಅದ್ದತೊಡಗಿದ. ವರ್ಷಗಳು ಹೀಗೇ ನಡೆದವು, ಒಂದು ಮಚ್ಚೂ ವಾಪಸು ಬರಲಿಲ್ಲ.

ಕಡೂರು ಬಸ್ ನಿಲ್ದಾಣದ ಹತ್ತಿರ ಎಳನೀರು ಮಾರುವ ತಿಪ್ಪೇಶ ಒಂದು ದಿನ ಹೊಸ ಮಚ್ಚಿಗೆಂದು ಬಂದು ಕುಲುಮೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಅಲಗು ಕಾವಿನಲ್ಲಿತ್ತು. ಈರಭದ್ರಪ್ಪ ಇಕ್ಕಳ ಎತ್ತಿದ, ‘ಇನ್ನೂ ಬಂದಿಲ್ಲ’ ಎಂದಳು ಹೇಮಾವತಿ. ಇಲ್ಲಿ ಕಮ್ಮಾರ ಯಾರಣ್ಣ ಎಂದು ತಿಪ್ಪೇಶ ನಕ್ಕ. ಅಷ್ಟೇ ಸಾಕಾಯಿತು. ಬಾಯಿ ಮುಚ್ಚಿಕೊಂಡು ಕೂರು ಎಂದು ಹೆಂಡತಿಯನ್ನು ಗದರಿ ಈರಭದ್ರಪ್ಪ ಅಲಗನ್ನು ನೀರಿಗೆ ಅದ್ದಿಯೇಬಿಟ್ಟ.

ವಾರವೂ ಕಳೆಯಲಿಲ್ಲ, ಮಚ್ಚಿನ ಬಾಯಿಂದ ಚಕ್ಕೆ ಸಿಡಿದು ತಿಪ್ಪೇಶನ ಎಡಗೈ ಹೆಬ್ಬೆರಳಿಗೆ ನೆಟ್ಟಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದು ಮಚ್ಚನ್ನು ಮುಂದಿಟ್ಟವನಿಗೆ ಈರಭದ್ರಪ್ಪ ಬೀದಿಗೆಲ್ಲ ಕೇಳುವಂತೆ ಹೇಳಿದ.

“ನಾನೇನ್ಮಾಡ್ಲಿ ಕಣೋ. ಇವಳು ನಡುವೆ ಬಾಯಿ ಹಾಕಿದ್ಲು, ಹದ ಕೆಟ್ಟೋಯ್ತು.”

 ಮನೆಯೊಳಗೆ, ಯಾರೂ ಇಲ್ಲದಾಗಲಾದರೂ, ತಪ್ಪು ನನ್ನದು ಎಂದಾನು ಎಂದು ಹೇಮಾವತಿ ಕಾದಳು. ಅನ್ನಲಿಲ್ಲ. ಕಣ್ಣಿನ ಶಿಬಿರಕ್ಕೆ ಅವಳೇ ಕೈಹಿಡಿದು ಕರೆದೊಯ್ದಳು, ಪೊರೆ ತೆಗೆಸಿದಳು, ದಿನವೂ ಕಣ್ಣಿಗೆ ಹನಿ ಹಾಕಿದಳು. ಕಣ್ಣು ತಿಳಿಯಾದರೆ ಆ ಚಕ್ಕೆ ಎದ್ದ ಅಲಗನ್ನು ಇವನೇ ನೋಡುತ್ತಾನೆ, ತಿಪ್ಪೇಶನ ಎದುರು ನಿಜ ಹೇಳುತ್ತಾನೆ ಎಂಬುದೊಂದೇ ಅವಳ ಆಸೆ. ಅದನ್ನು ಅವನ ಕೈಗೆ ಸಿಗುವಂತೆ, ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕದಲ್ಲೇ ಇಟ್ಟಿದ್ದಳು. ಕಣ್ಣು ಬಂದ ಮೇಲೆ ಅವನು ಅದನ್ನೆತ್ತಿ ನೋಡಿದ, ತುಸು ಹೊತ್ತು ನೋಡಿದ, ಗುಜರಿ ಡಬ್ಬಕ್ಕೆ ಎಸೆದ.

ಬದಲಿ ಮಚ್ಚಿಗೆ ತಿಪ್ಪೇಶ ಬಂದ. ಈ ಸಲ ಹೆದರಿ ಹೊಸಿಲಾಚೆಯೇ ಕೂತ. ಅಲಗು ಕಾವಿಗೆ ಬಂತು. ಪೊರೆ ತೆಗೆದ ಹೊಸತರಲ್ಲಿ ಕಣ್ಣಿಗೆ ಎಲ್ಲವೂ ಒಂದಿಷ್ಟು ನೀಲಿಯಾಗಿ ಕಾಣುತ್ತಿದ್ದುದರಿಂದ ಈರಭದ್ರಪ್ಪನಿಗೆ ಧೈರ್ಯ ಸಾಲಲಿಲ್ಲ. ಬ್ಲೋವರಿನ ಸದ್ದಿನಡಿ, ಹೊರಗಿದ್ದವನಿಗೆ ಕೇಳದಂತೆ, ಬಂತೇನೇ ಎಂದು ಕೇಳಿದ.

ಹೇಮಾವತಿ ಸುಮ್ಮನಿದ್ದುಬಿಡಬಹುದಿತ್ತು. ಆದರೆ ತಿಪ್ಪೇಶನ ಹೆಬ್ಬೆರಳು ಕಂಡಿತು. ಬಂತು ಎಂದಳು. ಅಲಗು ಚುಂಯ್ ಎಂದು ನೀರಿಗಿಳಿಯಿತು.

ಮಚ್ಚನ್ನು ಕೈಗೆ ತೆಗೆದುಕೊಳ್ಳುವ ಮೊದಲು ತಿಪ್ಪೇಶ ಅನುಮಾನಿಸಿದ. “ಅಣ್ಣ, ಈ ಸಲ ಅಕ್ಕ ಏನೂ ಹೇಳಿಲ್ಲ ತಾನೆ? ಹೇಳಿದ್ರೆ ನಂಗೆ ಬ್ಯಾಡ.”

ಈರಭದ್ರಪ್ಪ ಹೆಂಡತಿಯ ಕಡೆ ತಿರುಗಲಿಲ್ಲ. ಕಣ್ಣು ಬಂದಿದೆಯಲ್ಲ, ನಾನೇ ನೋಡಿ ಹಾಕಿದ್ದು ಎಂದ. ತಿಪ್ಪೇಶ ಆದರೂ ಅವಳ ಮುಖವನ್ನೇ ನೋಡುತ್ತ ನಿಂತ. ಒಳ್ಳೆಯ ಮಚ್ಚು. ನಿಜ ಹೇಳಿದರೆ ಅದನ್ನು ಬಿಟ್ಟು ಹೋಗುತ್ತಾನೆ.

“ಇಲ್ಲ ಕಣಪ್ಪ,” ಎಂದಳು ಹೇಮಾವತಿ. “ನಂಗೇನು ಗೊತ್ತಾಯ್ತದೆ.”

ಮಾರನೆಯ ದಿನ ಅವಳು ಕುಲುಮೆಗೆ ಹೋಗಲಿಲ್ಲ. ಹಿತ್ತಲ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಳು. ಅಲಗು ಕಾದಿದೆ, ಬಾರೇ ಎಂದು ಈರಭದ್ರಪ್ಪ ಕೂಗಿದ. ಮತ್ತೆ ಕೂಗಿದ. ಕೊನೆಗೆ ಇಕ್ಕಳದಲ್ಲಿ ಅಲಗು ಹಿಡಿದುಕೊಂಡೇ ಹಿತ್ತಲ ಬಾಗಿಲಿಗೆ ಬಂದು, ತಗ್ಗಿದ ದನಿಯಲ್ಲಿ, ಇದು ಬಂತೋ ಇಲ್ಲವೋ ನೋಡೇ ಎಂದ.

ಹೇಮಾವತಿ ತಲೆಯೆತ್ತಿದಳು. ಕಂದು ಅದಾಗಲೇ ಬಾಯಿಯ ಅಂಚಿಗೆ ಹರಿದಿತ್ತು.

“ನಂಗೇನು ಗೊತ್ತಾಯ್ತದೆ,” ಎಂದಳು. ಅವನು ಅಲ್ಲೇ ನಿಂತಿದ್ದ. ಅವನ ಕೈಯಲ್ಲೇ, ಉಳಿದ ಕಾವಿಗೆ, ಅಲಗು ನೀಲಿಗೆ ತಿರುಗುವುದನ್ನು ನೋಡಿ, ಅವಳು ಮತ್ತೊಂದು ಅವರೆಕಾಯಿ ಎತ್ತಿಕೊಂಡಳು.