ಊರು ಬಿಟ್ಟ ನಲವತ್ತೊಂದು ಕೂಸುಗಳು

ಬೆಳಗಿನ ಐದೂವರೆ. ಹಿರೇಕೆರೂರಿನ ಈ ಓಣಿಯಲ್ಲಿ ಇನ್ನೂ ಒಲೆ ಹೊತ್ತಿಲ್ಲ. ಯಮುನಾಬಾಯಿಯವರು ಮಾತ್ರ ಸ್ನಾನ ಮುಗಿಸಿ, ತುಳಸಿಗೆ ನೀರು ಹಾಕಿ, ಪಡಸಾಲೆಯ ವ್ಯಾಸಪೀಠದ ಮುಂದೆ ಕೂತಿದ್ದಾರೆ. ಪೀಠದ ಮೇಲೆ ಇರುವುದು ಭಾಗವತವೇ ಎಂದುಕೊಂಡು ನಾನು ಕೈ ಮುಗಿಯುತ್ತೇನೆ. ಬಗ್ಗಿ ನೋಡಿದರೆ ಮಕ್ಕಳ ವಾಂತಿಭೇದಿಯ ಮೇಲಿನ ಇಂಗ್ಲಿಷ್ ವರದಿ.

"ಮುಗೀರಿ, ತಪ್ಪೇನಿಲ್ಲ. ಆದ್ರ ನಂಬಬ್ಯಾಡ್ರಿ," ಎನ್ನುತ್ತಾರೆ ಅವರು, ಸಾಲಿನ ಕೆಳಗೆ ಅಡಿಪಟ್ಟಿ ಸರಿಸುತ್ತ.

ನಂಬದೆ ಓದುವುದೇ ಅವರ ಕೆಲಸ. ಒಂದೇ ಔಷಧದ ಮೇಲೆ ಹತ್ತು ಕಡೆ ಹತ್ತು ಅಧ್ಯಯನ ನಡೆದಿರುತ್ತವೆ. ಅವನ್ನೆಲ್ಲ ಒಟ್ಟು ಮಾಡಿ ಯಾರೋ ದೊಡ್ಡವರು 'ಈ ಔಷಧ ಒಳ್ಳೆಯದು' ಎಂದು ತೀರ್ಪು ಬರೆಯುತ್ತಾರೆ. ಆ ತೀರ್ಪು ಗಟ್ಟಿಯೋ ಜೊಳ್ಳೋ ಎಂದು ಕೇರಿ ನೋಡುವವರು ಯಮುನಾಬಾಯಿ. ಹಗಲೆಲ್ಲ ಅವರು ಕಚೇರಿಯೊಂದರಲ್ಲಿ ಅಂಕಿಸಂಖ್ಯೆ ಬರೆಯುವ ಗುಮಾಸ್ತೆ. ಹುಬ್ಬಳ್ಳಿಯ ಡಾಕ್ಟರ್ ಜಯತೀರ್ಥ ಔಷಧಗಳನ್ನು ಆರಿಸುವ ಸಮಿತಿಯೊಂದರ ಸದಸ್ಯರು. ಅವರು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುವ ಕಟ್ಟುಗಳನ್ನು ಬಾಯಿಯವರು ಓದುವುದು ಕಚೇರಿಗೆ ಹೊರಡುವ ಮೊದಲು. ಒಂದು ವರದಿಗೆ ಹದಿನೈದಿಪ್ಪತ್ತು ಬೆಳಗು ಬೇಕು. ಏಳು ವರ್ಷದಲ್ಲಿ ಅರವತ್ತಮೂರು ವರದಿ ಓದಿದ್ದಾರೆ, ಪಾಸಾದವು ಹತ್ತೊಂಬತ್ತು. ನಮ್ಮ ಗಣಿತದ ಮಾಸ್ತರರಿಗೂ ಇಷ್ಟು ಕಟುಮನಸ್ಸು ಇರಲಿಲ್ಲ.

ವಿದ್ಯೆ ಬಂದದ್ದು ತಂದೆಯಿಂದ. ಅವರು ಹಳೆಯ ಹಸ್ತಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು, ಎಲ್ಲಿ ಯಾವ ಸಾಲು ಬಿಟ್ಟುಹೋಗಿದೆ ಎಂದು ಹುಡುಕುತ್ತಿದ್ದ ಶಾಸ್ತ್ರಿಗಳು. "ಬರದದ್ದು ಯಾರ್ಗಾದ್ರೂ ಕಾಣಸ್ತದ, ಬಿಟ್ಟದ್ದು ನೋಡೋದ ಕಲಿ ಅಂತಿದ್ರು ನಮ್ಮಪ್ಪ," ಎಂದು ಬಾಯಿಯವರು ನೆನೆಯುತ್ತಾರೆ. ಮೆಟ್ರಿಕ್ ಆಚೆಗೆ ಓದುವ ಆಸೆ ಇತ್ತು, ಕೂಡಿಬರಲಿಲ್ಲ. ಸಂಖ್ಯಾಶಾಸ್ತ್ರವನ್ನು ನಿಘಂಟು ಹಿಡಿದು ತಾವೇ ಕಲಿತರು. ಈಗ ವಯಸ್ಸು ಐವತ್ತೊಂದು.

ಇಂದು ಪೀಠದ ಮೇಲಿರುವ ವರದಿ ಹೊಸ ಸಿರಪ್ ಒಂದರದು. ಉಪ್ಪು-ಸಕ್ಕರೆ ನೀರು ಕುಡಿದ ಕೂಸುಗಳಿಗಿಂತ ಸಿರಪ್ ಕುಡಿದವುಗಳಲ್ಲಿ ಸಾವು ಅರ್ಧ ಕಡಿಮೆ ಎಂದು ಅದು ಹೇಳುತ್ತದೆ. ಸಮಿತಿ ಒಪ್ಪಿದರೆ, ನರ್ಸಮ್ಮಗಳು ಉಪ್ಪು-ಸಕ್ಕರೆ ಹೇಳಿಕೊಡುವುದನ್ನು ಬಿಟ್ಟು ಊರೂರಿಗೆ ಸೀಸೆ ಹಂಚಬೇಕು. ವರದಿಯಲ್ಲಿ ಸೇರಿರುವ ಒಂಬತ್ತು ಅಧ್ಯಯನಗಳಲ್ಲಿ ದೊಡ್ಡದು ನಮ್ಮ ಕಡೆಯದೇ, ಐದು ವರ್ಷದ ಹಿಂದಿನದು, ೧೯೭೯ರದು. ಕೆಲವು ಹಳ್ಳಿಗಳಿಗೆ ಸಿರಪ್, ಕೆಲವಕ್ಕೆ ಉಪ್ಪು-ಸಕ್ಕರೆ. ಎರಡೂ ಕಡೆ ತಲಾ ಇನ್ನೂರಾರು ಕೂಸುಗಳು. ಸಿರಪ್ ಕಡೆ ಒಂಬತ್ತು ಸಾವು, ಇನ್ನೊಂದು ಕಡೆ ಹದಿನೆಂಟು.

ಬಾಯಿಯವರ ಕೆಂಪು ಪೆನ್ಸಿಲ್ ನಿಂತದ್ದು ಪುಟದ ಅಡಿಯ ಸಣ್ಣ ಅಕ್ಷರದ ಮೇಲೆ. ಸಿರಪ್ ಹಳ್ಳಿಗಳಲ್ಲಿ 'ಊರು ಬಿಟ್ಟವರು' ನಲವತ್ತೊಂದು, ಇನ್ನೊಂದು ಕಡೆ ಬರೀ ಆರು.

"ಕೂಸಿನ ತಾಯಿ ಊರು ಬಿಟ್ಟು ಎಲ್ಲಿಗೆ ಹೋಗ್ತಾಳ್ರಿ? ತವರಮನಿಗೆ. ಯಾವಾಗ ಹೋಗ್ತಾಳ? ಕೂಸು ಕೈ ಬಿಡ್ಲಿಕತ್ತದ ಅಂದಾಗ. ಸೀಸೆ ಖಾಲಿ ಆದ್ರ ಮುಂದಿಂದು ಬರೋತನಕ ಕಾಯಬೇಕು. ಉಪ್ಪು-ಸಕ್ಕರಿಗೆ ಯಾರನ್ನ ಕಾಯಬೇಕ್ರಿ?"

ಅಂದರೆ ಲೆಕ್ಕದಿಂದ ಜಾರಿದವು ಹೆಚ್ಚು ಕಾಯಿಲೆಯ ಕೂಸುಗಳೇ. ಗಂಡನ ಊರಿನ ಪುಸ್ತಕದಲ್ಲಿ ಅವು ಊರು ಬಿಟ್ಟಿವೆ, ತವರಿನ ಊರಿನ ಪುಸ್ತಕಕ್ಕೆ ಅವು ಪರವೂರಿನವು. ವರದಿ ಬರೆದವರು ಕೊನೆಯ ಮೊತ್ತ ಎತ್ತಿಕೊಂಡರು, ಜಾರಿದವರನ್ನು ಕೇಳಲಿಲ್ಲ. ಬಾಯಿಯವರು ಹದಿನಾಲ್ಕು ಭಾನುವಾರ ಹಾನಗಲ್ಲು, ಸವಣೂರು ಕಡೆಯ ಬಸ್ಸು ಹತ್ತಿ ಮನೆಮನೆ ವಿಚಾರಿಸಿದ್ದಾರೆ. ನಲವತ್ತೊಂದರಲ್ಲಿ ಹನ್ನೊಂದು ತೀರಿಕೊಂಡಿವೆ, ಆರರಲ್ಲಿ ಒಂದು. ಈಗ ಸಿರಪ್ ಕಡೆ ಇಪ್ಪತ್ತು ಸಾವು, ಇನ್ನೊಂದು ಕಡೆ ಹತ್ತೊಂಬತ್ತು. ಅರ್ಧ ಕಡಿಮೆ ಎಂಬ ಮಾತು ಎಲ್ಲಿ ಉಳಿಯಿತು?

ಇಷ್ಟು ಗೊತ್ತಾದ ಮೇಲೂ ಸಮಿತಿಗೆ ಬರೆಯಬೇಕಾದ ಪತ್ರ ಮೂರು ವಾರದಿಂದ ಪೀಠದ ಕೆಳಗೇ ಇದೆ. ಯಾಕೆ ಎಂದು ಕೇಳಿದರೆ ಅವರು ಆ ಅಧ್ಯಯನದ ಹಳೆಯ ನೋಂದಣಿ ಪುಸ್ತಕದ ನಕಲನ್ನು ನನ್ನ ಮುಂದಿಡುತ್ತಾರೆ. ದುಂಡಗಿನ ಅಕ್ಷರ. 'ಊರು ಬಿಟ್ಟಿದೆ', 'ಊರು ಬಿಟ್ಟಿದೆ'.

"ಈ ಅಕ್ಷರ ನಂದ ಅದರಿ. ಆವಾಗ ಕಚೇರಿಯಿಂದ ಅಧ್ಯಯನದವರಿಗೆ ಪುಸ್ತಕ ಬರೀಲಿಕ್ಕೆ ಹೋಗಿದ್ದೆ. ಎಲ್ಲಿಗೆ ಹೋದ್ರು ಅಂತ ಒಂದು ಮಾತು ಕೇಳಲಿಲ್ಲ."

ನಲವತ್ತನಾಲ್ಕು ವರದಿಗಳ ತಪ್ಪು ಹಿಡಿದ ಹೆಂಗಸು ತನ್ನ ತಪ್ಪಿಗೆ ತಾನೇ ಸಹಿ ಹಾಕಬೇಕು. ಕಚೇರಿಯಿಂದ ನೋಟೀಸು ಬರಬಹುದು, ಡಾಕ್ಟರು ಮುಂದೆ ಕಟ್ಟು ಕಳಿಸದೇ ಇರಬಹುದು. ಆ ಕಟ್ಟುಗಳೇ ಅವರ ಬೆಳಗು. ಅವರ ಮುಖ ನೋಡಿ ನನಗೆ ಸಂಕಟವಾಗುತ್ತದೆ.

ಮುಂದಿನ ಭಾನುವಾರ ನಾನೂ ಅವರ ಜೊತೆ ಮಾಸೂರಿಗೆ ಹೋಗುತ್ತೇನೆ. ತೀರಿಕೊಂಡ ಹನ್ನೊಂದು ಕೂಸುಗಳಲ್ಲಿ ಒಂದರ ತಾಯಿ ಮಾದೇವಿ ಗದ್ದೆಯ ಕಳೆ ತೆಗೆದು ಈಗಷ್ಟೇ ಬಂದಿದ್ದಾಳೆ. ಅವಳ ತವರು ಹುಲಗೂರು, ಕೂಸಿನ ಸುದ್ದಿ ಬಾಯಿಯವರಿಗೆ ಸಿಕ್ಕದ್ದು ಅಲ್ಲೇ. ಸೀಸೆ ಮುಗಿದ ಮೂರನೆಯ ದಿನ ಕೂಸನ್ನು ಅಲ್ಲಿಗೆ ಎತ್ತಿಕೊಂಡು ಹೋಗಿದ್ದಳು, ಬರಿಗೈಯಲ್ಲಿ ಬಂದಳು. ಬಾಯಿಯವರು ಕಟ್ಟೆಯ ಮೇಲೆ ಕೂತು, ತಲೆ ತಗ್ಗಿಸಿ, ಊರು ಬಿಟ್ಟಿದೆ ಎಂದು ಬರೆದವಳು ತಾನೇ ಎನ್ನುತ್ತಾರೆ.

ಮಾದೇವಿ ಕೈಯ ಮಣ್ಣು ಒರಸಿಕೊಂಡು ಅವರ ಎದುರು ಕೂರುತ್ತಾಳೆ. "ಐದು ವರ್ಷ ಆತ್ರಿ ಬಾಯಾರ. ನಮ್ಮ ಮನಿಯಾಗೂ ಅದರ ಸುದ್ದಿ ತಗಿಯಂಗಿಲ್ಲ. ನೀವ ಕೇಳಾಕ ಬಂದ್ರಿ," ಎನ್ನುತ್ತಾಳೆ. ಆಮೇಲೆ, "ಈಗ ಬರಕೋರಿ. ಗಂಡು ಕೂಸು. ಏಳು ತಿಂಗಳು. ಉಳವಪ್ಪ ಅಂತ ಕರೀತಿದ್ವಿ."

ವರದಿಗಳಲ್ಲಿ ಹೆಸರು ಬರೆಯುವ ಪದ್ಧತಿ ಇಲ್ಲ. ಬಾಯಿಯವರು ಆದರೂ ಬರೆದುಕೊಳ್ಳುತ್ತಾರೆ.

ಮರುದಿನ ಪತ್ರ ಹುಬ್ಬಳ್ಳಿ ಬಸ್ಸು ಹತ್ತುತ್ತದೆ. ಅದರಲ್ಲಿ ಒಂದು ಸಾಲು: 'ವಿಚಾರಿಸದೆ ಬರೆದವಳು ನಾನೇ.' ಕೆಳಗೆ ಪೂರ್ತಿ ಹೆಸರು, ಸಹಿ. ಹತ್ತು ದಿನಕ್ಕೆ ಡಾಕ್ಟರರ ಉತ್ತರ ಬಂದಿದೆ. ಸಿರಪ್ಪಿನ ತೀರ್ಮಾನವನ್ನು ಸಮಿತಿ ತಡೆಹಿಡಿದಿದೆ, ಅಧ್ಯಯನ ಮತ್ತೆ ನಡೆಯಬೇಕು, ಹೊಸ ಪುಸ್ತಕ ಹೇಗಿರಬೇಕೆಂದು ಬಾಯಿಯವರೇ ತಿಳಿಸಬೇಕು. ನೋಟೀಸಿನ ಸುದ್ದಿ ಇನ್ನೂ ಇಲ್ಲ. ಬಂದರೆ, ಎಂದು ಕೇಳುತ್ತೇನೆ.

"ಬಂದ್ರ ಬರ್ಲಿ, ಉತ್ತರ ಕೊಡ್ತೇನಿ," ಎನ್ನುತ್ತ ಅವರು ಹೊಸ ಹಾಳೆಯ ಮೇಲೆ ಗೆರೆ ಎಳೆದು ಚೌಕದ ಮನೆಗಳನ್ನು ಮಾಡುತ್ತಾರೆ. "ನಂದೊಂದ ಆಸೆ ಅದ. 'ಊರು ಬಿಟ್ಟವರು' ಅನ್ನೋದರ ಬಾಜೂಕ ಇನ್ನೊಂದು ಮನಿ ಹಾಕ್ಲಿ. ಯಾವ ಊರಿಗೆ ಹೋದ್ರು, ಅಲ್ಲೆ ಕೂಸು ಹೆಂಗದ. ಅಷ್ಟು ಬರೀಲಿಕ್ಕೆ ಜಾಗ ಬಿಟ್ರ ಸಾಕ್ರಿ."