ಕೊಡದ ಅರ್ಜಿ

ಒಣಗಿದ ಪೈಪಿಗೆ ನೀರು ಬರುವಾಗ ಮೊದಲು ಗಾಳಿ ಬರುತ್ತದೆ. ನಲ್ಲಿ ಬುಸ್ಸೆಂದು ಎರಡು ಸಲ ಕೆಮ್ಮುತ್ತದೆ. ಆಮೇಲೆ ಒಂದು ಚೊಂಬಿನಷ್ಟು ಕೆಂಪು ನೀರು, ತುಕ್ಕಿನ ವಾಸನೆ. ಅದನ್ನು ಚೆಲ್ಲಿದ ಮೇಲೆ ತಿಳಿನೀರು. ನೀವು ದಾವಣಗೆರೆಯವರಾದರೆ ಇದನ್ನು ನಾನು ಹೇಳಬೇಕಾಗಿಲ್ಲ. ಇವತ್ತು ಬೆಳಿಗ್ಗೆ ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಾಗ ಆ ವಾಸನೆ ಬಂತು. ಲೋಟ ಕೆಳಗಿಟ್ಟೆ. ಇಪ್ಪತ್ತಾರು ವರ್ಷ ಈ ಓಣಿಗೆ ನೀರು ಬಿಟ್ಟವನು ನಾನು. ಈಗ ರಜೆಯಲ್ಲಿದ್ದೇನೆ. ಬೇರೆ ಯಾರೋ ಬಿಟ್ಟ ನೀರು ನನ್ನ ಮನೆಗೆ ಬರುತ್ತಿದೆ, ಹಿಡಿದಿಡುವವಳು ಇಲ್ಲ.

ನನ್ನ ಕೆಲಸಕ್ಕೆ ಕಾಗದದಲ್ಲಿ ವಾಲ್ವ್‌ಮನ್ ಎಂದಿದೆ. ಜನ ‘ನೀರು ಬಿಡೋರು’ ಅನ್ನುತ್ತಾರೆ. ಎದೆಯೆತ್ತರದ ಕಬ್ಬಿಣದ ಚಾವಿಯೊಂದನ್ನು ಟಿವಿಎಸ್ಸಿಗೆ ಕಟ್ಟಿಕೊಂಡು ಓಣಿಯಿಂದ ಓಣಿಗೆ ಹೋಗುವುದು, ರಸ್ತೆಯಲ್ಲಿ ಕಲ್ಲು ಸರಿಸಿ ಗುಂಡಿಗೆ ಚಾವಿ ಇಳಿಸಿ ವಾಲ್ವ್ ತಿರುಗಿಸುವುದು. ಕೇಳಲು ಸುಲಭ. ಆದರೆ ಪ್ರತಿ ಸಲ ರಸ್ತೆಗೆ ಡಾಂಬರು ಹಾಕಿದಾಗಲೂ ಒಂದೆರಡು ಗುಂಡಿ ಮುಚ್ಚಿಹೋಗುತ್ತವೆ. ಆಗ ಗುಡಿಯ ಕಟ್ಟೆಯಿಂದ ಹದಿನಾಲ್ಕು ಹೆಜ್ಜೆ, ಹಿಟ್ಟಿನ ಗಿರಣಿಯ ಮೆಟ್ಟಿಲಿಂದ ಒಂಬತ್ತು ಹೆಜ್ಜೆ, ಹೀಗೆ ಎಣಿಸಿ ಹುಡುಕಬೇಕು. ಆ ಲೆಕ್ಕ ನನ್ನ ಕಾಲಿಗೆ ಮಾತ್ರ ಗೊತ್ತು ಎಂದು ನನಗೊಂದು ಜಂಬವಿತ್ತು.

ಮತ್ತೆ ಫೋನು. ಎಲ್ಲರ ಹತ್ತಿರವೂ ನನ್ನ ನಂಬರು. “ಯಣ್ಣಾ, ತಲಿಗೆ ಸೀಗೆಪುಡಿ ಹಚ್ಕೊಂಡು ಕುಂತೀನಿ, ನೀರು ಬಿಡ್ತೀಯೋ ಇಲ್ಲ ನಿನ್ ಮನಿಗೇ ಬಂದು ತೊಳ್ಕಳ್ಲೋ?” ಎಂದು ಬೈದವರೂ ಇದ್ದಾರೆ. ಊಟದ ಎಲೆಯ ಮುಂದೆ ಕುಳಿತಾಗ, ದೇವರಿಗೆ ಊದುಬತ್ತಿ ಹಚ್ಚುವಾಗ ಫೋನು. ನಾನು ಗೊಣಗುತ್ತಿದ್ದೆ. ಆದರೆ ಅರ್ಧ ದಿನ ಅದು ಸದ್ದು ಮಾಡದಿದ್ದರೆ ಕೆಟ್ಟಿತೇನೋ ಎಂದು ತೆಗೆದು ನೋಡುತ್ತಿದ್ದವನೂ ನಾನೇ.

ನನ್ನ ಹೆಂಡತಿ ಗಿರಿಜಾ ಹರಿಹರದವಳು. ತವರುಮನೆ ಹೊಳೆಗೆ ಹತ್ತಿರ. ನಮ್ಮ ಓಣಿಗೆ ಮೊದಲು ಬಿಟ್ಟರೆ ಜನ ಆಡಿಕೊಳ್ಳುತ್ತಾರೆಂದು ನಾನು ಯಾವಾಗಲೂ ಅದನ್ನು ಕೊನೆಗೆ ಇಡುತ್ತಿದ್ದೆ. ಅವಳು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. “ಹೊಳಿ ದಂಡ್ಯಾಗ ಹುಟ್ಟಿ, ನೀರು ಬಿಡೋನ್ನೇ ಕಟ್ಕೊಂಡು, ನೀರಿಗೆ ಪಾಳಿ ಹಚ್ಚೀನಿ ನೋಡ್ರಿ. ನನ್ನಂಥಾ ಪುಣ್ಯವಂತಿ ಯಾರದಾರೆ?” ಎಂದು ಪಕ್ಕದ ಮನೆಯ ಶಾಂತಕ್ಕನಿಗೆ ಕೇಳುವಂತೆ ಹೇಳುತ್ತಿದ್ದಳು. ನಾನು ನಗುತ್ತಿದ್ದೆ.

ಮೂರು ವರ್ಷದ ಹಿಂದೆ, ಮಗಳನ್ನು ಲೋಕಿಕೆರೆಗೆ ಕೊಟ್ಟು ಮದುವೆ ಮಾಡಿದ ಮೇಲೆ, ಅವಳು ಒಂದು ಮಾತು ಕೇಳಿದಳು. ಅವಳು ಏನನ್ನಾದರೂ ಹಟ ಹಿಡಿದು ಕೇಳಿದ್ದು ಅದೊಂದೇ.

“ರೀ, ಮುಂಚೇನೇ ನಿವೃತ್ತಿ ತಗೋಬೌದಂತಲ್ಲ? ತಗೊಂಬಿಡ್ರಿ. ಹರಿಹರಕ್ಕ ಹೋಗಾನ. ನಮ್ಮಣ್ಣನ ಮನಿ ಹಿಂದ ಎರಡು ಕ್ವಾಣಿ ಖಾಲಿ ಅದಾವು. ನಿಮ್ ಸೊಂಟಾನೂ ಹೋತು. ನಾ ಒಂದಿಷ್ಟು ದಿನ ಹೊಳಿ ನೋಡ್ಕೊಂಡಿರ್ತೀನಿ.”

ಆಗಲಿ, ಅರ್ಜಿ ಕೊಡುತ್ತೇನೆ ಎಂದೆ. ಒಂದು ವಾರ ಸುತ್ತಾಡಿದೆ. ಆಫೀಸಿನ ಬಾಗಿಲವರೆಗೆ ಹೋದೆ. ಒಳಗೆ ಕಾಲಿಡುವಷ್ಟರಲ್ಲಿ ಫೋನು ಬಂತು. ಯಾರದೋ ಮನೆಯ ಗೃಹಪ್ರವೇಶ, ತೊಟ್ಟಿ ಖಾಲಿ, ನೀವೇ ಗತಿ ಎಂದರು. ಗಾಡಿ ತಿರುಗಿಸಿದೆ. ಆ ಸಂಜೆ ಅವಳು ಏನಾಯಿತೆಂದು ಕೇಳಿದಾಗ ನನ್ನ ಬಾಯಿಂದ ಬಂತು: “ಕೊಟ್ಟಿದ್ದೆ. ಅವರು ಬಿಡಲ್ಲ ಅಂದ್ರು.”

ಅವಳು ಸಿಟ್ಟಾಗಿದ್ದರೆ ಒಳ್ಳೆಯದಿತ್ತು. “ಹೆಂಗ್ ಬಿಡ್ತಾರ್ರಿ? ನಿಮ್ಮನ್ನ ಬಿಟ್ರ ಅವರಿಗೂ ಗತಿ ಇಲ್ಲ” ಎಂದಳು. ಆ ಮುಖದಲ್ಲಿ ಬೇಸರವಿತ್ತು, ಅದರ ಮೇಲೆ ಹೆಮ್ಮೆಯೂ ಇತ್ತು. ಮರುದಿನದಿಂದ ಓಣಿಯ ಒಂದೊಂದು ಮನೆಯಲ್ಲೂ ಹೇಳಿದಳು. ನಮ್ಮ ಮನೆಯವರು ಕೇಳಿದರೂ ಆಫೀಸಿನವರು ಬಿಡಲಿಲ್ಲವಂತೆ ಎಂದು. ನಾನು ಗಾಡಿ ಒರೆಸುತ್ತ ಅದನ್ನು ಕೇಳಿಸಿಕೊಂಡೆ. ಸುಳ್ಳೆಂದು ಗೊತ್ತಿದ್ದೂ ಕೇಳಲು ಹಿತವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಕಳೆದ ವರ್ಷ ಅವಳ ಮೂತ್ರಪಿಂಡಗಳು ಕೆಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಕುಡಿಯಬಾರದು ಎಂದರು ಡಾಕ್ಟರು. ಒಂದು ಸ್ಟೀಲ್ ಬಾಟಲಿಯಲ್ಲಿ ಅಳೆದಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. “ನನಗೂ ಪಾಳಿ ಹಚ್ಚಿದ್ರು ನೋಡ್ರಿ” ಎಂದು ನಕ್ಕಳು. ಆ ಸಲ ನಾನು ನಗಲಿಲ್ಲ. ಮೊದಮೊದಲು ಬೆಳಿಗ್ಗೆ ಅವಳನ್ನು ಆಸ್ಪತ್ರೆಯಲ್ಲಿ ಬಿಟ್ಟು ನೀರು ಬಿಡಲು ಹೋಗುತ್ತಿದ್ದೆ. ಮಧ್ಯಾಹ್ನ ಕರೆದುಕೊಂಡು ಬರಲು ಹೋದರೆ ಎಷ್ಟೋ ಸಲ ಅವಳು ಬೆಂಚಿನ ಮೇಲೆ ಗೋಡೆಗೊರಗಿ ಕಾಯುತ್ತಿದ್ದಳು. ಆಮೇಲೆ ನಿಜವಾಗಿ ಅರ್ಜಿ ಕೊಟ್ಟೆ. ಮೂರು ತಿಂಗಳ ನೋಟಿಸು. ಯಾರೂ ಬೇಡ ಎನ್ನಲಿಲ್ಲ, ಗುಮಾಸ್ತರು ಸೀಲು ಹಾಕಿ ನಕಲು ಕೊಟ್ಟರು. ಅಷ್ಟು ಸುಲಭದ ಕೆಲಸವಾಗಿತ್ತು ಅದು.

ಎರಡನೆಯ ತಿಂಗಳಲ್ಲಿ ಅವಳು ಹೋದಳು.

ನಮ್ಮ ಪದ್ಧತಿಯಂತೆ ಅವಳ ದೇಹವನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಜನ ಅಳುತ್ತಿದ್ದರು. ನನ್ನ ಅಂಗಿಯ ಕಿಸೆಯಲ್ಲಿ ಫೋನು ರಿಂಗಾಯಿತು, ತೆಗೆದೆ. “ಅಣ್ಣಾ, ಇವತ್ತು ನೀರು ಯಾವಾಗ?” ಹಿಂದಿನ ಓಣಿಯ ಹೆಣ್ಣುಮಗಳು, ಅವಳಿಗೆ ಸಾವಿನ ಸುದ್ದಿ ಮುಟ್ಟಿರಲಿಲ್ಲ. “ನಾಲ್ಕು ಗಂಟೆಗೆ ಬಿಡ್ತೀನಮ್ಮಾ” ಎಂದೆ. ಎಂದಿನ ದನಿಯಲ್ಲೇ ಅಂದೆ. ಗಿರಿಜಾಳ ಅಣ್ಣ ತಲೆಯೆತ್ತಿ ನನ್ನನ್ನು ನೋಡಿದರು. ನಾಲ್ಕು ಗಂಟೆಗೆ ನಾವು ಅವಳ ಮೇಲೆ ಮಣ್ಣು ಹಾಕುತ್ತಿದ್ದೆವು.

ಕಾರ್ಯ ಮುಗಿದ ಮೇಲೆ ನಮ್ಮ ಇಂಜಿನಿಯರ್ ಸಾಹೇಬರು ಮನೆಗೆ ಬಂದರು. ಒಳ್ಳೆಯ ಮನುಷ್ಯ. “ನೋಡ್ರಿ, ಅವರಿಗೋಸ್ಕರ ಕೊಟ್ಟ ಅರ್ಜಿ. ಈಗ ಮನೇಲಿ ಒಬ್ರೇ ಕುಂತು ಏನ್ ಮಾಡ್ತೀರಿ? ನೋಟಿಸ್ ಪೀರಿಯಡ್ ಮುಗಿಯೋ ಒಳಗೆ ವಾಪಸ್ ತಗೊಳ್ರಿ. ನಿಮ್ಮ ಏರಿಯಾ ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ” ಎಂದರು. ಮಗಳೂ ಅದನ್ನೇ ಹೇಳಿದಳು: “ಅಪ್ಪಾಜಿ, ಹೋಗ್ರಿ ಡ್ಯೂಟಿಗೆ. ನಿಮಗ ಮಂದಿ ಬೇಕು.” ಅವರಿಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು. ನನಗೂ ಹೋಗುವ ಮನಸ್ಸಿತ್ತು. ಮನೆಯ ಮೌನಕ್ಕಿಂತ ಬೈಗುಳ ಲೇಸು ಅನಿಸುತ್ತಿತ್ತು.

ಹೋದ ವಾರ ಹರಿಹರಕ್ಕೆ ಹೋಗಿದ್ದೆ. ಗಿರಿಜಾಳ ಅಣ್ಣ ನನ್ನನ್ನು ಹೊಳೆಯ ಕಡೆಗೆ ಕರೆದುಕೊಂಡು ಹೋದರು. ಬಂಡೆಯ ಮೇಲೆ ಕುಳಿತು ಅವರೆಂದರು, “ಆವತ್ತೇ ಆಫೀಸಿನವರು ಬಿಟ್ಟಿದ್ರ ನಮ್ ಗಿರಿಜಿ ಎರಡು ವರ್ಷನಾದ್ರೂ ಇಲ್ಲಿ ಇರ್ತಿದ್ಲು. ಹಿಂದಿನ ಕ್ವಾಣಿಗೆ ಸುಣ್ಣ ಹೊಡೆಸಿಟ್ಟಿದ್ದೆ.”

ಸುಣ್ಣ ಹೊಡೆಸಿದ್ದು ನನಗೆ ಗೊತ್ತಿರಲಿಲ್ಲ.

“ಭಾವ, ಅವರು ಬಿಡಲಿಲ್ಲ ಅನ್ನೋದು ಸುಳ್ಳು. ಆವಾಗ ನಾನು ಅರ್ಜಿನೇ ಕೊಟ್ಟಿರಲಿಲ್ಲ.”

ಅವರು ನನ್ನ ಕಡೆ ನೋಡಲಿಲ್ಲ. “ಅದನ್ನ ಈಗ ನನಗ್ಯಾಕ ಹೇಳ್ತೀರಿ?” ಎಂದರು. ಎದ್ದು, ಧೋತರದ ಮಣ್ಣು ಕೊಡವಿ, “ನಡೀರಿ, ಊಟದ ಹೊತ್ತಾತು” ಎಂದರು. ಊಟಕ್ಕೆ ಕೂತಾಗ ಅವರೇ ಬಡಿಸಿದರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವರ ಪ್ರಶ್ನೆಯನ್ನೇ ತಿರುವಿ ಹಾಕುತ್ತಿದ್ದೆ. ಯಾಕೆ ಹೇಳಿದೆ? ಹಗುರಾಗಲೆಂದೇ? ಹಗುರಂತೂ ಆಗಲಿಲ್ಲ. ಆದರೆ ಒಂದು ಸಂಗತಿ ತಿಳಿಯಿತು. ನಾನು ಅರ್ಜಿ ವಾಪಸ್ಸು ತೆಗೆದುಕೊಂಡು ಚಾವಿ ಹಿಡಿದರೆ ಊರಿನವರು, ನೋಡು, ಆಫೀಸಿನವರು ಈಗಲೂ ಇವನನ್ನು ಬಿಡಲಿಲ್ಲ ಎನ್ನುತ್ತಾರೆ. ನಾನು ಮತ್ತೆ ಗಾಡಿ ಒರೆಸುತ್ತ ಕೇಳಿಸಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ಅವಳಿಗೆ ಹೇಳಿದ ಸುಳ್ಳು ಕಾಯಂ ಆಗುತ್ತದೆ.

ಇವತ್ತು ನೀರು ಬಂದ ಸ್ವಲ್ಪ ಹೊತ್ತಿಗೆ ಶಾಂತಕ್ಕ ಉಪ್ಪಿಟ್ಟು ತಂದಳು. ನಲ್ಲಿಯ ನೀರನ್ನು ನನ್ನ ತೊಟ್ಟಿಗೆ ಬಿಟ್ಟು ಬಾಗಿಲಲ್ಲಿ ನಿಂತಳು.

“ಮತ್ತೆ ಡ್ಯೂಟಿಗೆ ಹೊಂಟೀರಂತಲ್ಲಣ್ಣ? ಅವರು ನಿಮ್ಮನ್ನ ಬಿಡಂಗಿಲ್ಲ ತಗೀರಿ. ಪಾಪಿಗಳು. ಆವಾಗ್ಲೇ ಬಿಟ್ಟಿದ್ರ ಗಿರಿಜಕ್ಕ ಹೊಳಿ ನೋಡ್ಕೊಂಡು ಇರ್ತಿದ್ಲು.”

“ಅವರು ಪಾಪಿಗಳಲ್ಲವ್ವ. ನಾನು ಕೇಳೇ ಇರಲಿಲ್ಲ. ಕೇಳೀನಿ ಅಂತ ಅಕಿಗೆ ಸುಳ್ಳು ಹೇಳಿದ್ದೆ.”

ಶಾಂತಕ್ಕ ಸೆರಗು ಬಾಯಿಗೆ ಹಿಡಿದಳು. “ಅಕ್ಕ ಎಲ್ಲರ ಮುಂದೂ ಹೇಳ್ಕೊಂಡು ತಿರುಗ್ತಿದ್ಲಲ್ಲಣ್ಣ,” ಎಂದಳು, ಉಪ್ಪಿಟ್ಟಿನ ತಟ್ಟೆ ಕಟ್ಟೆಯ ಮೇಲಿಟ್ಟು ಹೋದಳು.

ಸಾಹೇಬರಿಗೆ ಫೋನು ಮಾಡಿದೆ. ವಾಪಸ್ಸು ತೆಗೆದುಕೊಳ್ಳುವುದಿಲ್ಲ ಎಂದೆ. ಇನ್ನೊಮ್ಮೆ ಯೋಚಿಸಿ ಎಂದರು. ಯೋಚಿಸಿದ್ದೇನೆ, ಉಳಿದ ದಿನಗಳಲ್ಲಿ ನನ್ನ ಜಾಗಕ್ಕೆ ಬಂದವರಿಗೆ ಗುಂಡಿಗಳನ್ನೆಲ್ಲ ತೋರಿಸಿ ಗೋಡೆಗೆ ಬಣ್ಣದಲ್ಲಿ ಗುರುತು ಹಾಕಿಕೊಡುತ್ತೇನೆ ಎಂದೆ. ಆಮೇಲೆ ಅಂಗಿ ಹಾಕಿಕೊಂಡು ಹೊರಗೆ ಬಂದೆ. ನಮ್ಮ ಓಣಿಯಲ್ಲಿ ಹತ್ತೊಂಬತ್ತು ಮನೆಗಳಿವೆ. ಅವಳು ಎಲ್ಲ ಮನೆಗಳಲ್ಲೂ ಹೇಳಿದ್ದಳು. ಶಾಂತಕ್ಕನ ಮನೆ ಒಂದು ಆಯಿತು.