ಬಣ್ಣ ಬಿಟ್ಟ ದಾರ

ಶರಣಮ್ಮ ಅವರೇ, ನಿಮ್ಮ ಮೀನುಗಳನ್ನು ಅಳೆಯುವ ಮೊದಲು ನಾನು ಅವುಗಳನ್ನು ಬೇರೆ ಬೇರೆ ಮಾಡಿದ್ದು ದಾರದ ಬಣ್ಣ ನೋಡಿ ಅಲ್ಲ — ಮೈ ನೋಡಿ. ಅದನ್ನು ನಿಮಗೆ ಹೇಳಲಿಲ್ಲ.

ಇಷ್ಟು ಬರೆಯುತ್ತಲೇ ಅನುಮಾನ ಶುರುವಾಗುತ್ತದೆ. ಬಣ್ಣ ಸ್ವಲ್ಪವೂ ಉಳಿದಿರಲಿಲ್ಲವೇ? ಒಂದೆರಡು ದಾರಗಳಲ್ಲಾದರೂ... ಗೊತ್ತಿಲ್ಲ. ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅದನ್ನು ನಂಬಲು ಹೆದರಿಕೆ.

ಸುರಪುರದ ಹೊಲಗಳಿಗೆ ಕಾಲುವೆ ಹೊಸದಾಗಿ ಬಂದಿದ್ದ ವರ್ಷಗಳವು. ಇಬ್ಬರೂ ಒಂದೇ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆವು. ಬಂಡೆಗಳ ನಡುವೆ ಸೆಳೆತಕ್ಕೆ ಎದುರಾಗಿ ಈಜುವ ಕೃಷ್ಣೆಯ ಮೀನು ಕಾಲುವೆಯ ಶಾಂತ ನೀರಿಗೆ ಬಂದರೆ ಮೈಯ ಆಕಾರ ಬದಲಿಸುತ್ತದೆಯೇ — ಇದು ನಿಮ್ಮ ಸಂಶೋಧನೆಯ ಪ್ರಶ್ನೆ. ನಾರಾಯಣಪುರದ ಕೆಳಗೆ ಹೊಳೆಯಲ್ಲೂ ಕಾಲುವೆಯಲ್ಲೂ ಒಂದೇ ಜಾತಿಯ ಬೆರಳುದ್ದದ ಮೀನು ಹಿಡಿಸಿದಿರಿ. ಇದ್ದದ್ದು ಒಂದೇ ಗಾಜಿನ ಜಾಡಿ. ಹೊಳೆಯ ಮೀನಿಗೆ ಕೆಂಪು ದಾರ, ಕಾಲುವೆಯದಕ್ಕೆ ಬಿಳಿ ದಾರ ಕಟ್ಟಿ, ಕೆಡದಂತೆ ಫಾರ್ಮಾಲಿನ್ ಸುರಿದು, ಮಾರ್ಗದರ್ಶಕರನ್ನು ಕಾಣಲು ಗುಲಬರ್ಗಾಕ್ಕೆ ಹೊರಟಿರಿ.

"ಅಳತಿ ತಗೊಂಡು ಇಟ್ಟಿರ್ರಿ ಸರ. ಸಾರು ಗೀರು ಮಾಡೀರಿ ಮತ್ತ, ಔಷಧ ಹಾಕೀನಿ!"

ನಾನು ಜಾಡಿ ತೆರೆದಾಗ ಕೆಂಪು ದಾರ ಬಣ್ಣ ಬಿಟ್ಟಿತ್ತು, ಬಿಳಿ ದಾರ ಅದನ್ನು ಹೀರಿತ್ತು. ಎಲ್ಲವೂ ಒಂದೇ ಮಾಸಲು ಗುಲಾಬಿ. ಅಂದೇ ಹೇಳಬಹುದಿತ್ತು. ಬಣ್ಣ ನಿಲ್ಲುತ್ತದೆ ಎಂದು ಆ ದಾರವನ್ನು ಬಜಾರಿನಲ್ಲಿ ಆರಿಸಿ ತಂದವನು ನಾನೇ — ಅದಕ್ಕೇ ಹೇಳಲಿಲ್ಲವೋ ಏನೋ.

ಕಿಟಕಿಯ ಬೆಳಕಿಗೆ ಒಂದೊಂದೇ ಮೀನು ಹಿಡಿದೆ. ತೆಳ್ಳಗಿದ್ದದ್ದರ ದಾರ ಕೊಂಚ ಹೆಚ್ಚು ಕೆಂಪಾಗಿ ಕಂಡಿತು. ಕಂಡಿತೋ, ತೆಳ್ಳಗಿದ್ದುದರಿಂದ ಹಾಗೆ ಕಲ್ಪಿಸಿಕೊಂಡೆನೋ? ಹೊಳೆಯ ಮೀನು ತೆಳ್ಳಗಿರಬೇಕೆಂದು ನೀವೇ ಹೇಳುತ್ತಿದ್ದಿರಿ. ತೆಳ್ಳನೆಯವು ಹೊಳೆಯ ತಟ್ಟೆಗೆ, ಹೊಟ್ಟೆ ಅಗಲದವು ಕಾಲುವೆಯ ತಟ್ಟೆಗೆ. ಆಮೇಲೆ ಹಳೆಯ ದಾರ ಬಿಚ್ಚಿ ಹೊಸದು ಕಟ್ಟಿದೆ. ಬಣ್ಣ ನಿಜವಾಗಿ ಕಂಡಿದ್ದರೆ ಹೊಸ ದಾರ ಯಾಕೆ ಬೇಕಿತ್ತು?

ಲೆಕ್ಕ ನೋಡಿ ನೀವು ಮಗುವಿನಂತೆ ನಕ್ಕಿರಿ. "ನಾ ಹೇಳಿದ್ದಿಲ್ಲೇನ್ರಿ? ಆರಾಮ ನೀರಾಗ ಇದ್ರ ಮೀನಿಗೂ ಹೊಟ್ಟಿ ಬರ್ತದ, ನಮ್ಮ ಪ್ರಿನ್ಸಿಪಾಲರ ಗತೆ!" ನಾನೂ ನಕ್ಕೆ.

ಮರುವರ್ಷ ನೀವೇ ಮೀನು ಹಿಡಿಸಿ, ಎರಡು ಜಾಡಿಗಳಲ್ಲಿಟ್ಟು, ನೀವೇ ಅಳೆದಿರಿ. ವ್ಯತ್ಯಾಸ ಸಿಗಲಿಲ್ಲ. ಮತ್ತೆ ಅಳೆದಿರಿ. ಆ ಸಂಜೆ ಅಳತೆಗೋಲು ಮೇಜಿನ ಮೇಲಿಟ್ಟು ಅಂದಿರಿ: "ನಿಮ್ಮ ಅಳತಿ ಖರೆ ಅದರಿ ಸರ. ನನ್ನ ಕೈನೇ ಸುದ್ದ ಇಲ್ಲ."

ನಾನು ಹೇಳಿದ್ದು, "ಇರಬಹುದ್ರಿ."

ದಾರದ ವಿಷಯದಲ್ಲಿ ಮಾಡಿದ್ದು ಗೊಂದಲದಲ್ಲಿ ಆದದ್ದೆಂದು ವಾದಿಸಬಹುದೇನೋ. ಈ ‘ಇರಬಹುದ್ರಿ’ಗೆ ಯಾವ ಗೊಂದಲವೂ ಕಾರಣವಾಗಿರಲಿಲ್ಲ. ನೀವು ಸಂಶೋಧನೆ ಬಿಟ್ಟು ಶಹಾಪುರದ ಹೈಸ್ಕೂಲಿಗೆ ಹೋದಿರಿ.

ಮೊನ್ನೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಜೊತೆಗಿದ್ದ ನಿಮ್ಮ ಹಳೆಯ ವಿದ್ಯಾರ್ಥಿನಿಗೆ ನನ್ನನ್ನು ತೋರಿಸಿದಿರಿ. "ಇವ್ರ ಕೈ ಅಂದ್ರ ಕೈ ನೋಡವ್ವಾ! ನಂದು ಬರೇ ಸೀಮೆಸುಣ್ಣ ಹಿಡಿಯೋ ಕೈ." ಆ ಹುಡುಗಿ ನನಗೆ ನಮಸ್ಕಾರ ಮಾಡಿದಳು. ನಾನು ಸ್ವೀಕರಿಸಿದೆ.

ಕಾಲುವೆಯ ಮೀನಿನ ಮೈ ಬದಲಾಗುತ್ತದೋ ಇಲ್ಲವೋ, ನನಗೆ ಈಗಲೂ ತಿಳಿಯದು. ಆ ಜಾಡಿಯ ಯಾವ ಮೀನು ಎಲ್ಲಿಯದೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಇದನ್ನು ಅಂಚೆಗೆ ಹಾಕುವುದಿಲ್ಲ; ನಿಮ್ಮ ಮನೆಗೆ ಬಂದು, ಆ ಹುಡುಗಿಯನ್ನೂ ಕರೆಸಿ, ಅವಳ ಎದುರಿಗೇ ಓದುತ್ತೇನೆ. ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟೇ —

ನಿಮ್ಮ ಕೈ ಸರಿಯಾಗಿತ್ತು.